ಕ್ಯಾಮೆರಾಗೆ ಕಾಣದ ಮೆಟ್ಟಿಲು

ನಮ್ಮ ಪಲೆರ್ಮೊದಲ್ಲಿ ಅರಮನೆಯಂಥ ಹಳೆಯ ಮನೆಗಳಿರುವವರಿಗೆಲ್ಲ ಒಂದೇ ಹಟ. ಮನೆಯ ಮೂಲೆಮೂಲೆಯೂ ಕ್ಯಾಮೆರಾದಲ್ಲಿ ಕಾಣಬೇಕು, ಕ್ಯಾಮೆರಾ ಮಾತ್ರ ಯಾರ ಕಣ್ಣಿಗೂ ಬೀಳಬಾರದು. ಊಟಕ್ಕೆ ಬಂದ ನೆಂಟರು ತಲೆಯೆತ್ತಿದರೆ ಮುನ್ನೂರು ವರ್ಷದ ಗಾರೆಯ ಹೂಬಳ್ಳಿ ಕಾಣಬೇಕು, ಪ್ಲಾಸ್ಟಿಕ್ ಡಬ್ಬಿ ಕಂಡರೆ ಇವರ ಮಾನ ಹೋಗುತ್ತದೆ. ಇದರ ಮೇಲೆ ಪುರಾತನ ಕಟ್ಟಡಗಳ ಇಲಾಖೆಯವರ ಕಾಟ. ಗೋಡೆಗೆ ಒಂದು ಮೊಳೆ ಹೊಡೆಯಬೇಕೆಂದರೆ ಆರು ತಿಂಗಳು ಅರ್ಜಿ ಹಿಡಿದು ಅಲೆಯಬೇಕು. ಆ ಅಲೆದಾಟ ಬೇಡ ಎನ್ನುವವರೆಲ್ಲ ನನ್ನನ್ನು ಕರೆಸುತ್ತಾರೆ.

ನನ್ನ ಹೆಸರು ರೊಸೊಲೀನೊ. ನನ್ನಪ್ಪ ಗಾರೆ ಕೆಲಸದವನು. ಚರ್ಚುಗಳಲ್ಲಿ ಮುಕ್ಕಾದ ದೇವದೂತರಿಗೆ ಮೂಗು, ಬೆರಳು, ರೆಕ್ಕೆ ಕೂರಿಸಿಯೇ ನಮ್ಮನ್ನು ಸಾಕಿದ. ಅವನ ಕೈಕೆಳಗೆ ಗಾರೆ ಕಲಿತೆ, ಆಮೇಲೆ ತಂತಿಯ ಕೆಲಸ ಕಲಿತೆ. ಎರಡನ್ನೂ ಬಲ್ಲವರು ಈ ಊರಿನಲ್ಲಿ ಹೆಚ್ಚಿಲ್ಲ. ಗೋಡೆಯ ಹೂಬಳ್ಳಿಯನ್ನು ನೋಡಿಕೊಂಡು ಅದರದೇ ಜಾತಿಯ ಒಂದು ಹೂವನ್ನು ಗಾರೆಯಲ್ಲಿ ಮಾಡುತ್ತೇನೆ. ಅದರ ನಡುವೆ ಮೆಣಸಿನ ಕಾಳಿನಷ್ಟೇ ಇರುವ ಕ್ಯಾಮೆರಾದ ಕಣ್ಣನ್ನು ಕೂರಿಸುತ್ತೇನೆ. ಚಹಾದ ಕಷಾಯ, ಸ್ವಲ್ಪ ಮಸಿ, ಸ್ವಲ್ಪ ಹಳೆಯ ಧೂಳು ಬಳಿದರೆ ಮುಗಿಯಿತು, ಇಲಾಖೆಯವರೇ ಬಂದು ಕೆಳಗೆ ನಿಂತು ಹೊಗಳಿ ಹೋಗಿದ್ದಾರೆ. ಈ ಮಾತನ್ನು ನಾನು ಕಾಫಿ ಅಂಗಡಿಯಲ್ಲಿ ಎಷ್ಟು ಸಲ ಜಂಬದಿಂದ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಈಗ ಹೇಳುವುದಿಲ್ಲ.

ಮೂರು ವರ್ಷದ ಹಿಂದೆ ಬ್ಯಾರನ್ ಫುಲ್ಕೊ ಕರೆಸಿದ. ಬಂದರಿನ ಹತ್ತಿರದ ಹಳೆಯ ಕೇರಿಯಲ್ಲಿ ಅವನ ಮನೆ. ತಾಯಿ ತೀರಿಕೊಂಡು ವರ್ಷವಾಗಿರಲಿಲ್ಲ. ಇವನು ಇರುವುದು ಮಿಲಾನೊದಲ್ಲಿ, ಬರುವುದು ವರ್ಷಕ್ಕೆ ಮೂರು ಸಲ. ಒಂದು ಜೊತೆ ಬೆಳ್ಳಿಯ ದೀಪಸ್ತಂಭ ಕಾಣೆಯಾಗಿದೆ ಎಂದು ಅವನಿಗೆ ನಿದ್ದೆ ಹಾರಿತ್ತು. ಅವು ಆಮೇಲೆ ಅವನ ತಾಯಿಯ ಕಬ್ಬಿಣದ ಪೆಟ್ಟಿಗೆಯಲ್ಲೇ ಸಿಕ್ಕವು. ಅಷ್ಟು ಹೊತ್ತಿಗೆ ನಾನು ಒಂಬತ್ತು ಕ್ಯಾಮೆರಾ ಹಾಕಿಯಾಗಿತ್ತು.

ಆ ಮನೆಯನ್ನು ನಿಜಕ್ಕೂ ನೋಡಿಕೊಳ್ಳುತ್ತಿದ್ದವಳು ನಿನ್ಫಾ. ಮೂವತ್ತೊಂದು ವರ್ಷದಿಂದ ಅಲ್ಲಿ ಕೆಲಸ ಮಾಡುತ್ತಿದ್ದಳು. ಬೆಳಿಗ್ಗೆ ಬಂದು ಸಂಜೆ ತನ್ನ ಮನೆಗೆ ಹೋಗುತ್ತಿದ್ದಳು. ಅರವತ್ತನಾಲ್ಕು ವಯಸ್ಸು, ಊದಿದ ಮಂಡಿಗಳು, ಹರಿತವಾದ ಬಾಯಿ. ವಯಸ್ಸಾದವರನ್ನೆಲ್ಲ ಚಿಕ್ಕಮ್ಮ, ಚಿಕ್ಕಪ್ಪ ಎನ್ನುವುದು ನಮ್ಮ ರೂಢಿ. ನಾನೂ ಹಾಗೇ ಕರೆದೆ.

"ಎಲ್ಲಿ ಬಚ್ಚಿಟ್ಟೆಯೋ ನಿನ್ನ ಕಳ್ಳಗಣ್ಣನ್ನ?" ಎಂದು ಅವಳು ಮೊದಲ ದಿನವೇ ಸೊಂಟಕ್ಕೆ ಕೈಯಿಟ್ಟು ಕೇಳಿದಳು.

"ನೀವೇ ಹುಡುಕಿ ನೋಡೋಣ ಚಿಕ್ಕಮ್ಮ."

"ಸಿಕ್ಕಿದ್ರೆ ಏನ್ ಕೊಡ್ತೀಯ?"

"ಐಸ್‌ಕ್ರೀಂ ತುಂಬಿದ ಬನ್ನು. ಎರಡು ಉಂಡೆ ಐಸ್‌ಕ್ರೀಂ."

"ಜಿಪುಣ! ಮೂರು."

ನಾಲ್ಕನೆಯ ದಿನ ಧೂಳು ಹೊಡೆಯುವ ಕೋಲನ್ನು ನೇರವಾಗಿ ಮಹಡಿಯ ಕೋಣೆಗಳ ನಡುವಿನ ಓಣಿಯಲ್ಲಿ, ಕೆಲಸದವರ ಮೆಟ್ಟಿಲಿಗೆ ಎದುರಿನ ಬಾಗಿಲ ನೆತ್ತಿಗೆ ಹಿಡಿದಳು. "ಮೂವತ್ತೊಂದು ವರ್ಷದಿಂದ ಈ ಬಳ್ಳಿ ಒರೆಸ್ತಿದೀನಿ. ಇಲ್ಲಿ ಆರು ದಾಳಿಂಬೆ ಹೂವಿದ್ವು. ಏಳನೇದು ಯಾವಾಗ ಅರಳ್ತು?" ಇಲಾಖೆಯ ಪಂಡಿತರಿಗೆ ಸಿಗದದ್ದು ಅವಳಿಗೆ ಸಿಕ್ಕಿತು. ಬನ್ನು ತಂದುಕೊಟ್ಟೆ. ಅಡುಗೆಮನೆಯಲ್ಲಿ ಕೂತು, ಮೂಗಿಗೆಲ್ಲ ಪಿಸ್ತಾ ಐಸ್‌ಕ್ರೀಂ ಮೆತ್ತಿಕೊಂಡು, "ಉಳಿದ ಎಂಟು ಎಲ್ಲಿವೆ ಅಂತ ಹೇಳ್ಬೇಡ. ನಾನೇ ಹಿಡೀತೀನಿ" ಎಂದಳು. ಅವತ್ತಿನಿಂದ ನನಗೆ ಅವಳೆಂದರೆ ಇಷ್ಟ.

ಆ ಮನೆಯ ಅಡುಗೆಮನೆ ನೆಲದಂತಸ್ತಿನಲ್ಲಿ, ದಿವಾನಖಾನೆಗಳೆಲ್ಲ ಮಹಡಿಯಲ್ಲಿ. ನಡುವೆ ಕೆಲಸದವರ ಕಿರಿದಾದ ಕಲ್ಲು ಮೆಟ್ಟಿಲು. ಮೆಟ್ಟಿಲ ತುದಿಯಲ್ಲಿ, ಓಣಿಗೆ ಸೇರುವ ಬಾಗಿಲ ಪಕ್ಕದಲ್ಲಿ, ಒಂದು ಪುಟ್ಟ ಕಟ್ಟೆ. ಅಲ್ಲಿ ಬೀದಿಯ ಕಡೆಗೆ, ಮಸಿ ಹಿಡಿದು ಮಬ್ಬಾದ ಗಾಜಿನ ಒಂದು ದುಂಡು ಕಿಟಕಿ, ಅದರ ಮೇಲೆ ಹಿಂಬಾಗಿಲ ಗಂಟೆ. ಹಿಂದಿನ ಕಾಲದವರು ಆಳುಗಳಿಗೆ ಕೇಳಲಿ ಎಂದೇ ಅದನ್ನು ಅಲ್ಲಿ ಕಟ್ಟಿದ್ದರು. ಮೆಟ್ಟಿಲ ಸ್ವಿಚ್ಚು ಕೆಟ್ಟು ಯಾವ ಕಾಲವಾಗಿತ್ತೋ. ನಿನ್ಫಾ ಗೋಡೆ ಸವರಿಕೊಂಡು ಹತ್ತುವುದನ್ನು ನೋಡಲಾರದೆ, ಯಾರಾದರೂ ಅಲುಗಿದರೆ ತಾನಾಗಿ ಹತ್ತಿ, ಒಂದು ನಿಮಿಷದ ಮೇಲೆ ತಾನಾಗಿ ಆರುವ ದೀಪವೊಂದನ್ನು ಹಾಕಿಕೊಟ್ಟಿದ್ದೆ.

ಮೂರು ತಿಂಗಳಾದ ಮೇಲೆ ಕ್ಯಾಮೆರಾಗಳ ಧೂಳು ತೆಗೆಯಲು ಹೋದಾಗ ನಿನ್ಫಾಳ ಬಾಯಿ ಮುಚ್ಚಿಹೋಗಿತ್ತು. ಓಣಿಯಲ್ಲಿ ಮಾತಾಡಿಸಿದರೆ ತಲೆ ತಗ್ಗಿಸಿಕೊಂಡು ನಡೆದಳು. ಅಡುಗೆಮನೆಗೆ ಹೋದ ಮೇಲೆ ತುಟಿ ಬಿಚ್ಚಿದಳು. ಅಲ್ಲಿ ಕ್ಯಾಮೆರಾ ಇರಲಿಲ್ಲ, ಕದಿಯುವಂಥದ್ದೇನೂ ಇಲ್ಲವೆಂದು ಫುಲ್ಕೊ ಬೇಡ ಎಂದಿದ್ದ.

"ಮೊನ್ನೆ ಫೋನ್ ಮಾಡಿದ್ದ ಮಿಲಾನೊದಿಂದ" ಎಂದಳು. "'ಸಿನ್ಯೋರಾ ನಿನ್ಫಾ, ಮೆಟ್ಟಿಲ ಹತ್ರ ಹದಿನೇಳು ನಿಮಿಷ ಕೂತಿದ್ರಿ, ಹುಷಾರಾಗಿದೀರಿ ತಾನೆ?' ಅಂದ. ಹುಷಾರು ವಿಚಾರಿಸ್ತಾನಂತೆ! ಗಡಿಯಾರ ಕೈಲಿ ಹಿಡ್ಕೊಂಡು ವಿಚಾರಿಸ್ತಾನೆ. ಅವನ ಮೂಗು ಒರೆಸಿದ್ದು ನಾನು ಕಣೋ, ಅಂಡು ತೊಳೆದಿದ್ದು ನಾನು. ಈಗ ನಾನು ಕೂತ ನಿಮಿಷ ಎಣಿಸ್ತಾನೆ."

"ನಿಜವಾಗ್ಲೂ ಕಾಳಜಿಯಿಂದ ಕೇಳಿರ್ಬಹುದು ಚಿಕ್ಕಮ್ಮ."

"ನಾಲ್ಕು ಸಲ ಕೇಳಿದಾನೆ, ನಾಲ್ಕು ಸಲಾನೂ ಕೂತಾಗ್ಲೇ. ಬಗ್ಗಿ ನೆಲ ಉಜ್ಜೋವಾಗ ಒಂದ್ಸಲಾನೂ ಹುಷಾರು ಕೇಳಿಲ್ಲ."

ಅವಳು ಸೆರಗಿನಂತೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಒರೆಸುವ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಗಟ್ಟಿ ದನಿಯಲ್ಲೇ, "ಅದನ್ನ ಒಂಚೂರು ಆ ಕಡೆ ತಿರುಗ್ಸು ಮಗಾ. ಮನೆಯೆಲ್ಲ ಅವನೇ ನೋಡ್ಕೊಳ್ಲಿ. ನಂಗೊಂದು ಮೆಟ್ಟಿಲು ಸಾಕು" ಎಂದಳು.

ತಿರುಗಿಸಿದೆ. ಏಣಿ ಹತ್ತಿ, ಏಳನೆಯ ದಾಳಿಂಬೆ ಹೂವನ್ನು ಬಿಡಿಸಿ, ಕಣ್ಣನ್ನು ಒಂದು ಬೆರಳಿನಷ್ಟು ಎಡಕ್ಕೆ ಸರಿಸಿ ಮತ್ತೆ ಗಾರೆ ಮೆತ್ತಿದೆ. ಓಣಿ ಪೂರ್ತಿ ಕಾಣುತ್ತಿತ್ತು. ಬಾಗಿಲೂ ಕಾಣುತ್ತಿತ್ತು. ಬಾಗಿಲಾಚೆಯ ಕಟ್ಟೆ ಮತ್ತು ಮೆಟ್ಟಿಲು ಮಾತ್ರ ಹೊರಗುಳಿದವು. ಗೋಡೆ ತೇವ ಹಿಡಿದು ಕಣ್ಣನ್ನು ಸರಿಸಬೇಕಾಯಿತು, ಆ ಕಡೆ ಮತ್ತೆ ಕೊರೆದರೆ ಇಲಾಖೆಯವರು ಬಿಡುವುದಿಲ್ಲ ಎಂದು ಫುಲ್ಕೊಗೆ ಬೊಗಳೆ ಬಿಟ್ಟೆ. ಅವನು ನಂಬಿದ. ಇದನ್ನು ಮಾಡಿಸಿದ್ದು ದಯೆಯೇ ಎಂದು ಕೇಳಿದರೆ ಅರ್ಧ ದಯೆ. ಉಳಿದರ್ಧ, ಧಣಿಯ ಕಣ್ಣಿಗೆ ಮಣ್ಣೆರಚಿದೆ ಎಂಬ ಖುಷಿ. ಏಣಿಯಿಂದ ಇಳಿಯುವಾಗ ಸಿಳ್ಳೆ ಹಾಕುತ್ತಿದ್ದೆ.

ಆಮೇಲೆ ಅವಳ ಊಟ ಅಲ್ಲೇ, ಜಪ ಅಲ್ಲೇ, ತಂಗಿಯ ಜೊತೆ ಫೋನಿನಲ್ಲಿ ಹರಟೆ ಅಲ್ಲೇ. ಒಂದು ದಿಂಬನ್ನೂ ತಂದಿಟ್ಟುಕೊಂಡಿದ್ದಳು. ಫುಲ್ಕೊನ ಫೋನು ನಿಂತಿತು. ಹೀಗೇ ಎರಡು ವರ್ಷ ನಡೆಯಿತು.

ಹೋದ ಆಗಸ್ಟ್ ಹದಿನಾಲ್ಕರಂದು, ದೇವಮಾತೆಯ ಹಬ್ಬದ ಹಿಂದಿನ ದಿನ, ಊರು ಖಾಲಿಯಾಗಿತ್ತು. ಆ ವಾರ ನಮ್ಮಲ್ಲಿ ಯಾರೂ ಊರಲ್ಲಿರುವುದಿಲ್ಲ, ಎಲ್ಲರೂ ಕಡಲತೀರಕ್ಕೆ ಹೋಗುತ್ತಾರೆ. ಮನೆ ಕಾಯುವ ದ್ವಾರಪಾಲಕ ರಜೆ ಹಾಕಿದ್ದ. ಫುಲ್ಕೊ ಗೆಳೆಯರ ದೋಣಿಯಲ್ಲಿ ಯಾವುದೋ ದ್ವೀಪದ ಹತ್ತಿರ ಇದ್ದ. ನಾನು ಹೆಂಡತಿ ಮಕ್ಕಳ ಜೊತೆ ಮರಳಿನಲ್ಲಿ ಕಲ್ಲಂಗಡಿ ಕೊಯ್ಯುತ್ತಿದ್ದೆ. ನಿನ್ಫಾ ಬೆಳಿಗ್ಗೆ ಗಿಡಗಳಿಗೆ ನೀರು ಹಾಕಲು ಹೋದಳು, ಸಂಜೆ ಮನೆಗೆ ಬರಲಿಲ್ಲ. ಮರುದಿನ ಸಂಜೆ ಅಗ್ನಿಶಾಮಕದವರು ಬಾಗಿಲು ಮುರಿದು ನೋಡಿದಾಗ ಅದೇ ಕಟ್ಟೆಯ ಮೇಲೆ ಬಿದ್ದಿದ್ದಳು, ಅವಳ ಫೋನು ಕೆಳಗೆ ಅಡುಗೆಮನೆಯಲ್ಲಿ ಚೀಲದೊಳಗೇ ಇತ್ತು. ತಲೆಯಲ್ಲಿ ರಕ್ತನಾಳ ಒಡೆದಿದೆ, ಬಿದ್ದ ಕೂಡಲೇ ಪ್ರಾಣ ಹೋಗಿದೆ ಎಂದು ಡಾಕ್ಟರು ಬರೆದುಕೊಟ್ಟರು.

ನನಗೆ ಸುದ್ದಿ ಮುಟ್ಟಿದ್ದು ಹದಿನೇಳರಂದು. ಕೇಳಿದಾಗ ಮೊದಲು ಹೊಳೆದದ್ದು ಅವಳ ಮುಖವಲ್ಲ. ಆ ಬೆರಳಿನಷ್ಟು ಎಡಕ್ಕೆ ಸರಿಸಿದ್ದು ಹೊಳೆಯಿತು.

ಸಾವಾದ ಮನೆಯಲ್ಲಿ ನಮ್ಮವರು ಒಲೆ ಹಚ್ಚುವುದಿಲ್ಲ. ನೆರೆಹೊರೆಯವರು, ಗುರುತಿನವರು ಸರದಿಯ ಮೇಲೆ ಊಟ ಒಯ್ಯುತ್ತಾರೆ, ಕಾಫಿ ಕೂಡ ಹೊರಗಿನಿಂದಲೇ ಹೋಗಬೇಕು. ಮಣ್ಣಾದ ಮರುದಿನ ನನ್ನ ಹೆಂಡತಿ ಬದನೆಕಾಯಿ ಹಾಕಿ ಬೇಯಿಸಿದ ಪಾಸ್ತಾದ ತಟ್ಟೆಯನ್ನು ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟಳು. ಒಲ್ಲದ ಮನಸ್ಸಿನಿಂದ ಹೋದೆ.

ನಿನ್ಫಾಳ ಗಂಡ ಕೋಸಿಮೊ ಹಡಗುಕಟ್ಟೆಯಲ್ಲಿ ಬೆಸುಗೆ ಹಾಕುತ್ತಿದ್ದವನು, ಈಗ ನಿವೃತ್ತ. ಬೆಂಕಿಯ ಕಿಡಿ ಹಾರಿ ಕೈತುಂಬ ಚುಕ್ಕೆ ಚುಕ್ಕೆ ಕಲೆ. ಮಕ್ಕಳಿಲ್ಲ. ಕೋಣೆಯಲ್ಲಿ ಕಪ್ಪುಬಟ್ಟೆಯ ಹೆಂಗಸರು ತುಂಬಿದ್ದರು. ಅವನು ನನ್ನ ತೋಳು ಹಿಡಿದು ಬಾಲ್ಕನಿಗೆ ಕರೆದುಕೊಂಡು ಹೋಗಿ ಬಾಗಿಲು ಎಳೆದುಕೊಂಡ.

"ಅವಳಿಗೆ ಕೂರೋಕೆ ಜಾಗ ಮಾಡ್ಕೊಟ್ಟೋನು ನೀನೇ ಅಲ್ವಾ?"

ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ಹೇಳಿದ್ಲು. 'ಆ ಮನೇಲಿ ನಂದು ಅಂತ ಒಂದು ಮೆಟ್ಟಿಲಿದೆ ಕಣ್ರಿ' ಅಂತಿದ್ಲು. ನಿನ್ನನ್ನ ಬಾಯ್ತುಂಬ ಹೊಗಳ್ತಿದ್ಲು. ನನ್ನನ್ನ ಒಂದಿನಾನೂ ಹಂಗೆ ಹೊಗಳಿಲ್ಲ" ಎಂದು ಸಣ್ಣಗೆ ನಕ್ಕ.

"ಚಿಕ್ಕಪ್ಪ, ನಾನು ಅದನ್ನ ತಿರುಗಿಸ್ದೆ ಇದ್ದಿದ್ರೆ..."

"ತೆಗಿ ಅತ್ಲಾಗೆ. ಅದು ನನಗೆ ಬೇಡ." ಅವನು ಕಂಬಿ ಹಿಡಿದು ಕೆಳಗೆ ನೋಡುತ್ತ ನಿಂತ. "ನಾವಿಬ್ರೂ ಅವತ್ತು ಬೆಳಿಗ್ಗೆ ಜಗಳ ಆಡಿದ್ವಿ. ಹಬ್ಬಕ್ಕೆ ನನ್ನ ತಮ್ಮನ ಮನೆಯೋರ ಜೊತೆ ಕಡಲತೀರಕ್ಕೆ ಹೋಗೋಣ ಅಂದೆ. ಗಿಡ ಒಣಗ್ತಾವೆ, ನೀರು ಹಾಕ್ಬೇಕು ಅಂದ್ಲು. 'ಆ ಮನೇನೇ ಕಟ್ಕೊಂಡಿದೀಯ, ಅಲ್ಲೇ ಬಿದ್ದಿರು' ಅಂದ್ಬಿಟ್ಟೆ. ಇದೇ ಮಾತು. ಅಲ್ಲೇ ಬಿದ್ದಿರು ಅಂದೆ."

ನಾನು ಅವನ ಪಕ್ಕಕ್ಕೆ ಹೋಗಿ ಕಂಬಿ ಹಿಡಿದೆ.

"ಸಂಜೆ ಬರ್ಲಿಲ್ಲ. ಎಂಟು ಗಂಟೆಗೆ ಅಲ್ಲಿಗೆ ಹೋದೆ. ಹಿಂಬಾಗಿಲ ಗಂಟೆ ಒತ್ತಿದೆ. ಆ ಸಣ್ಣ ಬ್ಯಾರನ್‌ಗೆ ಫೋನ್ ಹಚ್ಚಿದೆ. ತನ್ನ ಫೋನಲ್ಲಿ ಮನೆಯೆಲ್ಲ ನೋಡಿ, 'ಯಾರೂ ಇಲ್ಲ ಸಿನ್ಯೋರ್ ಕೋಸಿಮೊ, ಮನೆ ಪೂರ್ತಿ ಖಾಲಿ' ಅಂದ. ಸಿಟ್ಟು ಮಾಡ್ಕೊಂಡು ತಂಗಿ ಮನೆಗೆ ಹೋಗಿರ್ಬೇಕು ಅಂದ್ಕೊಂಡೆ. ಹೋಗ್ಲಿ, ಕೊಬ್ಬು ಇಳೀಲಿ ಅಂತ ನಾನೂ ಫೋನ್ ಮಾಡ್ಲಿಲ್ಲ. ಮಾರನೇ ದಿನ ಮಧ್ಯಾಹ್ನ ಆ ತಂಗೀನೇ ಫೋನ್ ಮಾಡಿ ಅಕ್ಕ ಎಲ್ಲಿ ಅಂತ ಕೇಳಿದ್ಲು."

ಒಳಗೆ ಹೆಂಗಸರು ಜಪಮಾಲೆ ಎಣಿಸುವುದು ಕೇಳುತ್ತಿತ್ತು. ಕೋಸಿಮೊ ನನ್ನ ಕಡೆ ತಿರುಗಿದ. "ಒಂದು ಮಾತು ತಿಳ್ಕೊಂಡು ಬಂದು ಹೇಳು. ನಾನು ಗಂಟೆ ಒತ್ತಿದಾಗ ಅವಳು ಇದ್ಲಾ, ಹೋಗ್ಬಿಟ್ಟಿದ್ಲಾ?"

"ಕೂಡ್ಲೇ ಹೋದ್ರು ಅಂತ ಡಾಕ್ಟ್ರು ಹೇಳಿದಾರಲ್ಲ ಚಿಕ್ಕಪ್ಪ."

"ಡಾಕ್ಟ್ರು ಎಲ್ಲಾ ಗಂಡಂದಿರಿಗೂ ಹಂಗೇ ಹೇಳ್ತಾರೆ. ನಿನ್ನ ಯಂತ್ರಕ್ಕೆ ಯಾರ ಮುಲಾಜೂ ಇಲ್ಲ."

"ಅದಕ್ಕೆ ಆ ಮೆಟ್ಟಿಲು ಕಾಣಲ್ಲ. ನಾನೇ..."

"ಗೊತ್ತು. ಆದ್ರೂ ನೋಡು. ನೀನು ಹೇಳಿದ್ದನ್ನ ನಂಬ್ತೀನಿ."

ಮರುದಿನವೇ ಫುಲ್ಕೊನ ಕರೆ ಬಂತು. ಮಧ್ಯಾಹ್ನ ಹೋದೆ. ಪುಸ್ತಕದ ಕೋಣೆಯಲ್ಲಿ ಕಿಟಕಿ ಮುಚ್ಚಿಕೊಂಡು ಕೂತಿದ್ದ. ಕಣ್ಣು ಕೆಂಪಾಗಿದ್ದವು, ಗಡ್ಡ ಬೋಳಿಸಿರಲಿಲ್ಲ. ಅವನು ಒರಟಾಗಿ ನಡೆದುಕೊಂಡಿದ್ದರೆ ನನಗೆ ಒಂದಿಷ್ಟು ಸಮಾಧಾನ ಸಿಗುತ್ತಿತ್ತು.

"ಮೇಸ್ತ್ರಿ, ಅದರಲ್ಲಿರೋದನ್ನೆಲ್ಲ ಅಳಿಸಿಬಿಡಿ. ಹತ್ತು ದಿನಕ್ಕೆ ತಾನಾಗೇ ಅಳಿಸಿಹೋಗುತ್ತೆ ಅಂದಿದ್ರಿ. ಅಷ್ಟು ದಿನ ಅದು ಮನೇಲಿದೆ ಅಂದ್ರೆ ನನಗೆ ತಡ್ಕೊಳ್ಳೋಕಾಗಲ್ಲ. ಬಕೆಟ್ ಹಿಡ್ಕೊಂಡು ಓಣೀಲಿ ಹೋಗ್ತಾರೆ, ಅಷ್ಟೇ. ವಾಪಸ್ ಬರಲ್ಲ."

"ಪೊಲೀಸರು?"

"ಬಂದು ಓಡಿಸಿ ನೋಡಿದ್ರು. ಯಾರೂ ಬಂದಿಲ್ಲ, ಯಾರೂ ಹೋಗಿಲ್ಲ ಅಂತ ಬರ್ಕೊಂಡು ಹೋದ್ರು." ಅವನು ಅಂಗೈಯಿಂದ ಕಣ್ಣುಜ್ಜಿಕೊಂಡು, "ಆ ಮೆಟ್ಟಿಲಿಗೂ ಒಂದು ಹಾಕೋಕೆ ಏನಾದ್ರೂ ದಾರಿ ಇದೆಯಾ? ತೇವ ಇದ್ರೂ ಪರವಾಗಿಲ್ಲ. ಅವತ್ತು ಒಂದು ಇದ್ದಿದ್ರೆ ಅವರ ಗಂಡ ಫೋನ್ ಮಾಡಿದಾಗ ನನಗೆ ಕಾಣ್ತಿತ್ತು" ಎಂದ.

"ಹೌದು, ಕಾಣ್ತಿತ್ತು" ಎಂದೆ.

ದಾಖಲೆಯ ಪೆಟ್ಟಿಗೆಯನ್ನು ನಾನು ಇಟ್ಟಿದ್ದು ಹಳೆಯ ಪ್ರಾರ್ಥನಾ ಕೋಣೆಯ ಕಪಾಟಿನಲ್ಲಿ. ಬಾಗಿಲು ಹಾಕಿಕೊಂಡು ನೆಲದ ಮೇಲೆ ಕೂತೆ. ಹದಿನಾಲ್ಕನೆಯ ತಾರೀಕು ತೆಗೆದೆ. ದನಿ ಇರಲಿಲ್ಲ, ದನಿ ಹಿಡಿಯಲು ಕಾನೂನು ಬಿಡುವುದಿಲ್ಲ. ಅದಕ್ಕಾಗಿ ಆ ಕಾನೂನು ಮಾಡಿದವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಹತ್ತೂ ಮುಕ್ಕಾಲಿಗೆ ನಿನ್ಫಾ ಬಕೆಟ್ ಹಿಡಿದು ಓಣಿಯಲ್ಲಿ ನಡೆದು ಬಂದಳು. ಎಡಗಾಲು ಎಳೆಯುತ್ತಿದ್ದಳು. ಮಂಡಿನೋವಿನ ನಡಿಗೆ ನನಗೆ ಗೊತ್ತು, ಇದು ಹಾಗಿರಲಿಲ್ಲ. ಕ್ಯಾಮೆರಾದ ಕೆಳಗೆ ಒಂದು ಕ್ಷಣ ಗೋಡೆಗೆ ಕೈಕೊಟ್ಟು ನಿಂತಳು. ಆಮೇಲೆ ಬಾಗಿಲು ತಳ್ಳಿ ಮರೆಯಾದಳು. ಬಾಗಿಲು ಅರ್ಧ ತೆರೆದೇ ಉಳಿಯಿತು.

ಪೊಲೀಸರು ಇದಾದ ಮೇಲಿನದನ್ನು ವೇಗವಾಗಿ ಓಡಿಸಿ ನೋಡಿರಬೇಕು. ಅವರು ಹುಡುಕುತ್ತಿದ್ದದ್ದು ಮನುಷ್ಯರನ್ನು, ಮನುಷ್ಯರು ಯಾರೂ ಬರಲಿಲ್ಲ. ಬೇಸಿಗೆಯೆಂದು ಕಿಟಕಿಗಳೆಲ್ಲ ಮುಚ್ಚಿ ಓಣಿ ಕತ್ತಲಾಗಿತ್ತು. ಅರ್ಧ ತೆರೆದ ಬಾಗಿಲಿನಿಂದ ಮೆಟ್ಟಿಲ ದೀಪದ ಬೆಳಕು ಓಣಿಯ ನೆಲಕ್ಕೆ ಒಂದು ಪಟ್ಟಿಯಾಗಿ ಬಿದ್ದಿತ್ತು. ಒಂದು ನಿಮಿಷದ ಮೇಲೆ ದೀಪ ಆರಿತು. ಪಟ್ಟಿ ಹೋಯಿತು. ಹಾಗೇ ಬಿಟ್ಟಿದ್ದರೆ ನಾನೂ ಪೊಲೀಸರಂತೆ ಎದ್ದು ಬರುತ್ತಿದ್ದೆ.

ಹನ್ನೆರಡು ಗಂಟೆ ಮೂರು ನಿಮಿಷಕ್ಕೆ ಪಟ್ಟಿ ಮತ್ತೆ ಬಿತ್ತು.

ಆ ದೀಪ ಹಾಕಿದವನು ನಾನು. ಅದರಡಿಯಲ್ಲಿ ಏನಾದರೂ ಅಲುಗದೆ ಅದು ಹತ್ತುವುದಿಲ್ಲ. ಆ ಮನೆಯಲ್ಲಿ ನಾಯಿಯಿಲ್ಲ, ಬೆಕ್ಕಿಲ್ಲ. ಹನ್ನೆರಡೂವರೆಗೆ ಮತ್ತೆ ಹತ್ತಿತು. ಒಂದೂ ಹತ್ತಕ್ಕೆ, ಎರಡಕ್ಕೆ, ಎರಡೂ ಕಾಲಿಗೆ. ಮೂರರಿಂದ ಐದರವರೆಗೆ ಏನೂ ಇಲ್ಲ. ಮುಗಿಯಿತು, ದೇವರೇ ಮುಗಿಸಿದೆಯಲ್ಲ ಎಂದು ಉಸಿರು ಬಿಟ್ಟೆ. ಐದೂ ಇಪ್ಪತ್ತಕ್ಕೆ ಮತ್ತೆ ಪಟ್ಟಿ.

ಮಾತು ಬಿದ್ದುಹೋಗಿತ್ತೋ, ಕೂಗಿದರೂ ಆ ಗೋಡೆಗಳು ನುಂಗಿದವೋ ತಿಳಿಯದು. ಒಂದು ಕೈ ಆಡುತ್ತಿದ್ದಿರಬೇಕು. ಕೈ ಆಡಿಸಿದರೆ ದೀಪ ಹತ್ತುತ್ತದೆ ಎಂದು ಅವಳಿಗೂ ಗೊತ್ತಿತ್ತು. ಕತ್ತಲಲ್ಲಿ ಬಿದ್ದಿರಲಾರದೆ ಆಡಿಸಿದಳೋ, ಯಾರಿಗಾದರೂ ಕಾಣಲಿ ಎಂದು ಆಡಿಸಿದಳೋ.

ಎಂಟು ಗಂಟೆಗೆ ತಂದು ನಿಲ್ಲಿಸಿದೆ. ಎಂಟು ಹನ್ನೊಂದಕ್ಕೆ ದೀಪ ಹತ್ತಿತು. ಆರಿತು. ಕೂಡಲೇ ಹತ್ತಿತು. ಆರಿತು. ಮತ್ತೆ ಕೂಡಲೇ ಹತ್ತಿತು. ಇಡೀ ದಿನದಲ್ಲಿ ಅದು ಹಾಗೆ ಒಂದರ ಹಿಂದೊಂದು ಹತ್ತಿದ್ದು ಆಗ ಮಾತ್ರ. ಗಂಟೆ ಅವಳ ತಲೆಯ ಮೇಲೆಯೇ ಬಾರಿಸಿರಬೇಕು. ಗಂಡ ಬಂದ ಎಂದು ಅವಳಿಗೆ ಗೊತ್ತಾಗಿತ್ತು. ಅದೇ ಹೊತ್ತಿಗೆ ಫುಲ್ಕೊ ದೋಣಿಯಲ್ಲಿ ನಿಂತು ಇದೇ ಓಣಿಯನ್ನು ನೋಡುತ್ತಿದ್ದ. ಫೋನಿನ ಮೇಲೆ ಒಂಬತ್ತು ಚೌಕ, ಒಂದೊಂದೂ ಅಂಚೆಚೀಟಿಯಷ್ಟು. ನೆಲದ ಮೇಲಿನ ಬೆಳಕಿನ ಪಟ್ಟಿ ಅವನಿಗೆ ಕಂಡಿದ್ದರೂ ಅದು ಅವನಿಗೆ ಏನನ್ನೂ ಹೇಳುತ್ತಿರಲಿಲ್ಲ.

ಆಮೇಲಿನದನ್ನೂ ನೋಡಿದೆ. ಕೊನೆಯ ಸಲ ಹತ್ತಿದ್ದು ಮರುದಿನ ಬೆಳಿಗ್ಗೆ ಆರಕ್ಕೆ ಐದು ನಿಮಿಷವಿದ್ದಾಗ, ಹಬ್ಬದ ಮೊದಲ ಪೂಜೆಯ ಹೊತ್ತಿಗೆ.

ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಅತ್ತೆ. ಎದುರಿಗೆ ಎರಡು ದಾರಿ ಇತ್ತು. ಇದನ್ನು ಕೋಸಿಮೊನಿಗೆ ತೋರಿಸಿದರೆ ನಾನು ಸತ್ಯವಂತ, ಅವನು ಬದುಕಿದ್ದೂ ಸತ್ತಂತೆ. ಅಲ್ಲೇ ಬಿದ್ದಿರು ಎಂದವನು, ಬಾಗಿಲಿಗೆ ಬಂದು ತಿರುಗಿಹೋದವನು, ಉಳಿದ ಆಯುಷ್ಯವೆಲ್ಲ ಆ ಮೂರು ಬೆಳಕನ್ನು ಇಟ್ಟುಕೊಂಡು ಬಾಳಬೇಕು. ತೋರಿಸದಿದ್ದರೆ ಅವನು ಸ್ವಲ್ಪ ನಿದ್ದೆ ಮಾಡಿಯಾನು. ಇದು ನಾನು ನನಗೆ ಕೊಟ್ಟುಕೊಂಡ ಕಾರಣ. ಇನ್ನೊಂದೂ ಇತ್ತು. ಇದು ಹೊರಬಿದ್ದರೆ ಕ್ಯಾಮೆರಾ ತಿರುಗಿಸಿದ್ದು ಯಾರು, ತೇವದ ಸುಳ್ಳು ಹೇಳಿದ್ದು ಯಾರು ಎಂದು ಎಲ್ಲರೂ ಕೇಳುತ್ತಾರೆ. ಈ ಊರಿನ ಯಾವ ದೊಡ್ಡ ಮನೆಯೂ ಆಮೇಲೆ ನನ್ನನ್ನು ಬಾಗಿಲೊಳಗೆ ಬಿಡುವುದಿಲ್ಲ. ಯಾವ ಕಾರಣ ಮೇಲಾಯಿತೋ ನಾನು ಪ್ರಮಾಣ ಮಾಡಿ ಹೇಳಲಾರೆ. ಅಳಿಸುವ ಗುಂಡಿ ಒತ್ತಿದೆ. ಖಂಡಿತವೇ ಎಂದು ಯಂತ್ರ ಕೇಳಿತು. ಮತ್ತೊಮ್ಮೆ ಒತ್ತಿದೆ.

"ಏನಾದ್ರೂ ಇತ್ತಾ?" ಎಂದು ಫುಲ್ಕೊ ಕೇಳಿದ.

"ಏನೂ ಇರ್ಲಿಲ್ಲ" ಎಂದೆ.

ಅಲ್ಲಿಂದ ನೇರವಾಗಿ ಕೋಸಿಮೊನ ಮನೆಗೆ ನಡೆದೆ. ತಡಮಾಡಿದರೆ ಧೈರ್ಯ ಸೋರಿಹೋಗುತ್ತದೆ ಎಂಬ ಭಯ. ಊಟದ ಹೊತ್ತು ಕಳೆದು ಹೆಂಗಸರು ಹೋಗಿದ್ದರು. ಅವನೊಬ್ಬನೇ ಮೇಜಿನ ಮುಂದೆ ಕೂತಿದ್ದ. ಯಾರೋ ತಂದಿಟ್ಟ ಅನ್ನದ ಉಂಡೆಗಳು ಮುಟ್ಟದೆ ಉಳಿದಿದ್ದವು. ನನ್ನನ್ನು ನೋಡಿ ಎದ್ದು ನಿಂತ. ಕೂತುಕೊಳ್ಳಿ ಎಂದರೂ ಕೂರಲಿಲ್ಲ, ತೀರ್ಪು ಕೇಳುವವನಂತೆ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದ.

"ನೋಡಿದೆ ಚಿಕ್ಕಪ್ಪ. ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ ಬಾಗ್ಲು ದಾಟಿದಾರೆ. ಅಷ್ಟೇ. ಆಮೇಲೆ ಒಂದು ಅಲುಗಾಟಾನೂ ಇಲ್ಲ. ಡಾಕ್ಟ್ರು ಹೇಳಿದ್ದೇ ನಿಜ."

"ಎಂಟು ಗಂಟೆಗೆ?"

"ಇರ್ಲಿಲ್ಲ. ಯಾವಾಗ್ಲೋ ಹೋಗ್ಬಿಟ್ಟಿದ್ರು. ನೀವು ಬಾಗ್ಲು ಒಡೆದಿದ್ರೂ ಏನೂ ಮಾಡೋಕಾಗ್ತಿರ್ಲಿಲ್ಲ."

ನನ್ನ ದನಿ ನಡುಗಲಿಲ್ಲ. ಕಾಣದಂತೆ ಮಾಡುವ ಕಸುಬಿನಲ್ಲಿ ನನ್ನನ್ನು ಮೀರಿಸುವವರು ಈ ಊರಲ್ಲಿ ಯಾರೂ ಇಲ್ಲ. ಕೋಸಿಮೊ ನನ್ನನ್ನೇ ನೋಡಿದ. ಆಮೇಲೆ ನಿಧಾನವಾಗಿ ಕೂತ.

"ಅವತ್ತು ಕೆಳಗೆ ನಿಂತ್ಕೊಂಡು ಗಂಟೆ ಒತ್ತಿದೆನಲ್ಲ" ಎಂದ, "ಮೇಲೆ ಆ ದುಂಡು ಕಿಟಕೀಲಿ ದೀಪ ಹತ್ತಿತು."

ನಾನು ಕುರ್ಚಿ ಎಳೆದುಕೊಂಡು ಅವನೆದುರು ಕೂತೆ.

"ಹತ್ತಿ ಆರ್ತು. ಮತ್ತೆ ಹತ್ತಿತು. ಮೂರು ಸಲ. ಇಲ್ಲೇ ಇದಾಳೆ, ಕೋಪಕ್ಕೆ ಬಾಗ್ಲು ತೆಗೀತಿಲ್ಲ ಅಂದ್ಕೊಂಡೆ. ಅಷ್ಟೊತ್ತಿಗೆ ಫೋನಲ್ಲಿ ಅವನು, ಮನೇಲಿ ಯಾರೂ ಇಲ್ಲ, ನಾನು ನೋಡ್ತಾ ಇದೀನಿ ಅಂದ. ಅವನು ಮನೆಯೆಲ್ಲ ನೋಡ್ತಿದಾನೆ, ನಾನು ಬೀದೀಲಿ ನಿಂತಿದೀನಿ. ಅವನಿಗಿಂತ ನನಗೆ ಗೊತ್ತಾ? ಬೆಕ್ಕೇನೋ ಅಂದ್ಕೊಂಡು ಮನೆಗೆ ಬಂದೆ. ಬ್ರೆಡ್ಡು ಈರುಳ್ಳಿ ತಿಂದು ಮಲಗ್ದೆ. ಚೆನ್ನಾಗಿ ನಿದ್ದೆ ಬಂತು ರೊಸೊಲೀನೊ, ಅವತ್ತು."

"ಚಿಕ್ಕಪ್ಪ..."

ಅವನು ಕಲೆ ತುಂಬಿದ ಕೈಯನ್ನು ಚಾಚಿ ನನ್ನ ಮಣಿಕಟ್ಟು ಹಿಡಿದ. ಬೆಸುಗೆ ಹಾಕಿದ ಕೈ, ನೋವಾಗುವಷ್ಟು ಬಲವಾಗಿತ್ತು.

"ಇನ್ನೊಂದ್ಸಲ ಹೇಳು" ಎಂದ.

"ಏನು?"

"ಇರ್ಲಿಲ್ಲ ಅಂತ. ನಾನು ಗಂಟೆ ಒತ್ತಿದಾಗ ಅವಳು ಇರ್ಲಿಲ್ಲ ಅಂತ ಹೇಳು."

"ಇರ್ಲಿಲ್ಲ ಚಿಕ್ಕಪ್ಪ."

ಅವನು ಕಣ್ಣು ಮುಚ್ಚಿಕೊಂಡ. ಕೈ ಬಿಡಲಿಲ್ಲ.

"ಇನ್ನೊಂದ್ಸಲ" ಎಂದ.